ನ್ಯೂಟ್ರಲ್ ಬೀಮ್ ಪರೀಕ್ಷೆ: ಒಂದೊಂದು ವ್ಯಾಟಿಗೂ ಲೆಕ್ಕ

ಟೋಕಮಾಕ್ ಎಂಬ ಪರಮಾಣು ಸಮ್ಮಿಳನ ಯಂತ್ರದ ಪ್ಲಾಸ್ಮಾವನ್ನು, ಅಂದರೆ ಆವೇಶದ ಕಣಗಳಾಗಿ ಒಡೆದ ಬಿಸಿ ಅನಿಲವನ್ನು, ಹತ್ತು ಕೋಟಿ ಡಿಗ್ರಿ ದಾಟಿಸಲು ಅದರೊಳಗೆ ಹರಿಯುವ ಕರೆಂಟ್ ಒಂದೇ ಸಾಲದು. ಬಿಸಿಯೇರಿದಷ್ಟೂ ಪ್ಲಾಸ್ಮಾದ ರೋಧ ಇಳಿಯುತ್ತದೆ, ಕರೆಂಟಿನಿಂದ ಹುಟ್ಟುವ ಶಾಖವೂ ಇಳಿಯುತ್ತದೆ. ಹೊರಗಿನಿಂದ ಶಕ್ತಿ ತುಂಬಲೇಬೇಕು. ವೇಗದ ಕಣಗಳನ್ನು ಹೊಡೆಯೋಣ ಎಂದರೆ, ಆವೇಶವಿರುವ ಕಣವನ್ನು ಅಲ್ಲಿನ ಕಾಂತಕ್ಷೇತ್ರ ಬಾಗಿಲಲ್ಲೇ ತಿರುಗಿಸಿಬಿಡುತ್ತದೆ. ಅದಕ್ಕೇ ಈ ಸುತ್ತುದಾರಿ: ಹೈಡ್ರೊಜನ್ ಅಥವಾ ಡ್ಯುಟೀರಿಯಂನಿಂದ (ಭಾರದ ಹೈಡ್ರೊಜನ್) ಅಯಾನು, ಅಂದರೆ ಆವೇಶದ ಕಣ, ಮಾಡುವುದು, ಗ್ರಿಡ್ ಎಂಬ ರಂಧ್ರಗಳಿರುವ ಲೋಹದ ಫಲಕಗಳ ನಡುವೆ ಹೈವೋಲ್ಟೇಜ್ ಕೊಟ್ಟು ಓಡಿಸುವುದು, ನ್ಯೂಟ್ರಲೈಸರ್ ಎಂಬ ಅನಿಲ ತುಂಬಿದ ಸುರಂಗದಲ್ಲಿ ಹಾಯಿಸಿ ಆವೇಶ ಕಳಚುವುದು, ಆವೇಶ ಕಳೆದುಕೊಳ್ಳದ ಅಯಾನುಗಳನ್ನು ಬದಿಗೆಳೆದು ಡಂಪ್ ಎಂಬ ತಟ್ಟೆಗೆ ಬೀಳಿಸುವುದು, ತಟಸ್ಥ ಪರಮಾಣುಗಳನ್ನು ಮಾತ್ರ ಒಳಗೆ ಬಿಡುವುದು. ಇದೇ ನ್ಯೂಟ್ರಲ್ ಬೀಮ್, ಇದನ್ನು ಹೊಡೆಯುವ ಸಾಧನ ಇಂಜೆಕ್ಟರ್.

ದಕ್ಷಿಣ ಫ್ರಾನ್ಸಿನ ಕದರಾಶ್‌ನಲ್ಲಿ ಏಳುತ್ತಿರುವ ಇಟರ್ ಎಂಬ ಅಂತರರಾಷ್ಟ್ರೀಯ ಟೋಕಮಾಕ್ ಯಂತ್ರದ ಒಂದು ಇಂಜೆಕ್ಟರನ್ನು ತೆಗೆದುಕೊಳ್ಳಿ. 10 ಲಕ್ಷ ವೋಲ್ಟ್, 40 ಆಂಪಿಯರ್ ಡ್ಯುಟೀರಿಯಂ ಋಣ ಅಯಾನು, ಅಂದರೆ 40 ಮೆಗಾವ್ಯಾಟ್. ಪ್ಲಾಸ್ಮಾಕ್ಕೆ ಮುಟ್ಟಬೇಕಾದದ್ದು 16.5 ಮೆಗಾವ್ಯಾಟ್. ಪಲ್ಸ್, ಅಂದರೆ ಬೀಮಿನ ಒಂದು ಓಟ, ಒಂದು ಗಂಟೆಯವರೆಗೂ ಇರಬಹುದು. ಮಿಕ್ಕ 23.5 ಮೆಗಾವ್ಯಾಟ್ ಎಲ್ಲಿಗೆ ಹೋಯಿತು? ನ್ಯೂಟ್ರಲೈಸರ್ ದಾಟಿದ ಮೇಲೂ ಶೇಕಡಾ 40ರಷ್ಟು ಕಣಗಳು ಅಯಾನುಗಳಾಗಿಯೇ ಉಳಿಯುತ್ತವೆ. ಅಲ್ಲಿಗೆ ಸುಮಾರು 16 ಮೆಗಾವ್ಯಾಟ್ ಆಯಿತು. ಉಳಿದದ್ದು ದಾರಿಯ ಅಂಚುಗಳಿಗೆ ತಾಗಿ, ಮತ್ತೆ ಅಯಾನಾಗಿ ಹೋಗುತ್ತದೆ. ಇಷ್ಟೂ ಶಾಖ ಬೀಳುವುದು ಹಿಂದೆ ನೀರು ಹರಿಯುವ ತಾಮ್ರದ ತಟ್ಟೆಗಳ ಮೇಲೆ. ಲೆಕ್ಕಕ್ಕೆ ಸಿಗದ ಪಾಲೊಂದಿದ್ದರೆ ಅದು ನೀರಿಲ್ಲದ ಜಾಗದಲ್ಲಿ ಬೀಳುತ್ತಿದೆ ಎಂದೇ ತಿಳಿಯಬೇಕು. ಬೀಮ್ ಪರೀಕ್ಷೆಯ ಕೆಲಸವೆಲ್ಲ ಈ ಜಮಾ-ಖರ್ಚನ್ನು ಹೊಂದಿಸುವುದೇ. ಕೆಳಗಿನ ಹಂತಗಳನ್ನೂ ಅದೇ ಕ್ರಮದಲ್ಲಿ ಇಟ್ಟಿದ್ದೇವೆ.

ಪೂರ್ತಿ ಗಾತ್ರದ ಪರೀಕ್ಷೆ ನಡೆಯುವುದು ಇಟಲಿಯ ಪಡುವಾದಲ್ಲಿ. ಅಲ್ಲಿ ಸ್ಪೈಡರ್ ಎಂಬ 100 ಕಿಲೋವೋಲ್ಟಿನ ಅಯಾನು ಮೂಲ 2018ರಲ್ಲಿ ಶುರುವಾಯಿತು. 10 ಲಕ್ಷ ವೋಲ್ಟಿನ ಮಿಟಿಕಾ ಅದರ ಪಕ್ಕದಲ್ಲೇ ಇದೆ. ಜರ್ಮನಿಯ ಗಾರ್ಕಿಂಗ್‌ನಲ್ಲಿ ಅರ್ಧ ಗಾತ್ರದ ಎಲಿಸ್ ಇದೆ. ನಮ್ಮಲ್ಲಿ ಗಾಂಧಿನಗರದ ಪ್ಲಾಸ್ಮಾ ಸಂಶೋಧನಾ ಸಂಸ್ಥೆಯಲ್ಲಿ ರಾಬಿನ್ ಎಂಬ ಋಣ ಅಯಾನು ಮೂಲವಿದೆ. ಇಟರ್‌ನ ಪ್ಲಾಸ್ಮಾ ತಪಾಸಣೆಗೆ ಬೇಕಾದ 100 ಕಿಲೋವೋಲ್ಟ್, 60 ಆಂಪಿಯರಿನ ಹೈಡ್ರೊಜನ್ ಬೀಮ್ ಭಾರತದ ಪಾಲಿನ ಕೆಲಸ. ಹಾಸನ, ಚಿಕ್ಕಮಗಳೂರಿನ ಇಂಜಿನಿಯರಿಂಗ್ ಕಾಲೇಜುಗಳಿಂದ ಇಂಥ ಕಡೆ ಪ್ರಾಜೆಕ್ಟಿಗೋ ಕೆಲಸಕ್ಕೋ ಹೋಗಬೇಕೆನ್ನುವವರು, ಕಾಲೇಜಿನಲ್ಲೇ ಹತ್ತಾರು ಕಿಲೋವೋಲ್ಟಿನ ಪುಟ್ಟ ಬೀಮ್ ಸ್ಟ್ಯಾಂಡ್ ಕಟ್ಟಬೇಕೆನ್ನುವವರು, ಈ ಇಬ್ಬರಿಗೂ ಇದು. ಬೀಮ್ ಇಲ್ಲದೆಯೂ ಇಲ್ಲಿ ಕಲಿಯಬಹುದಾದ್ದು ಬಹಳ ಇದೆ.

ವ್ಯಾಕ್ಯೂಮ್

ಬೀಮ್ ಓಡುವ ವ್ಯಾಕ್ಯೂಮ್ ತೊಟ್ಟಿ ಮುಚ್ಚುವ ಮುನ್ನ ಓ-ರಿಂಗ್ (ಸೋರದಂತೆ ತಡೆಯುವ ರಬ್ಬರ್ ಉಂಗುರ) ಮತ್ತು ಅದರ ಕುಳಿಯನ್ನು ನೂಲು ಬಿಡದ ಬಟ್ಟೆಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿ ಒರೆಸಿ. ಟಾರ್ಚನ್ನು ಓರೆಯಾಗಿ ಹಿಡಿದರೆ ಕುಳಿಗೆ ಅಡ್ಡಲಾಗಿ ಎದ್ದ ಗೀರು ಕಾಣುತ್ತದೆ. ಉದ್ದಕ್ಕಿರುವ ಗೀರು ಅಷ್ಟಾಗಿ ಕಾಡುವುದಿಲ್ಲ, ಅಡ್ಡ ಗೀರು ಖಂಡಿತ ಸೋರುತ್ತದೆ. ಬೋಲ್ಟುಗಳನ್ನು ಎದುರುಬದುರಾಗಿ, ಮೂರು ಸುತ್ತಿನಲ್ಲಿ ಬಿಗಿಮಾಡಿ. ಕೈಗವಸು ಕಡ್ಡಾಯ. ಬೆರಳಿನ ಎಣ್ಣೆ ದಿನಗಟ್ಟಲೆ ಆವಿ ಬಿಡುತ್ತಲೇ ಇರುತ್ತದೆ.

ಪಂಪ್ ಹಾಕುವ ಮುನ್ನ ಗೇಜ್ ನೋಡಿ. ಹಾಸನ ಸಮುದ್ರಮಟ್ಟದಿಂದ ಸುಮಾರು 950 ಮೀಟರ್ ಎತ್ತರದಲ್ಲಿದೆ, ಇಲ್ಲಿನ ಗಾಳಿಯ ಒತ್ತಡ 905 ಮಿಲಿಬಾರ್ ಆಸುಪಾಸು. ಚಿಕ್ಕಮಗಳೂರಿನಲ್ಲಿ 890. ಒತ್ತಡವನ್ನು ನೇರವಾಗಿ ಅಳೆಯುವ ಗೇಜ್ 905 ತೋರಿಸಿದರೆ ಅದು ಸರಿಯಾಗೇ ಇದೆ. ಕೈಪಿಡಿಯಲ್ಲಿ 1013 ಎಂದಿದೆ ಅಂತ ತಿರುಪು ತಿರುವಿ 1013ಕ್ಕೆ ತಂದರೆ ಮೇಲಿನ ತುದಿಯ ಅಳತೆಯೇ ಕೆಟ್ಟಿತು.

10⁻⁶ ಮಿಲಿಬಾರ್ ತಲುಪಿದ ಮೇಲೆ ಗೇಟ್ ವಾಲ್ವ್ ಮುಚ್ಚಿ, ಒತ್ತಡ ಏರುವ ಬಗೆಯನ್ನು 10 ನಿಮಿಷ ಬರೆದುಕೊಳ್ಳಿ. 500 ಲೀಟರಿನ ತೊಟ್ಟಿಯಲ್ಲಿ 10 ನಿಮಿಷಕ್ಕೆ 6×10⁻⁴ ಮಿಲಿಬಾರ್ ಏರಿದರೆ ಒಳಬರುವ ಅನಿಲ ಸೆಕೆಂಡಿಗೆ 5×10⁻⁴ ಮಿಲಿಬಾರ್-ಲೀಟರ್. ಸೆಕೆಂಡಿಗೆ 2000 ಲೀಟರ್ ಎಳೆಯುವ ಪಂಪಿಗೆ ಇದು ದೊಡ್ಡ ಹೊರೆಯಲ್ಲ. ಇದರ ಹತ್ತು ಪಟ್ಟು ಬಂದರೆ ಮುಂದಕ್ಕೆ ಹೋಗಬೇಡಿ. ಗೆರೆಯ ಆಕಾರವೂ ಮಾತಾಡುತ್ತದೆ: ನೆಟ್ಟಗೆ ಏರುತ್ತಲೇ ಹೋದರೆ ಸೋರಿಕೆ, ಏರಿ ಏರಿ ಬಾಗಿ ಚಪ್ಪಟೆಯಾದರೆ ಗೋಡೆ ಬಿಡುತ್ತಿರುವ ಆವಿ. ಅನಿಲ ವಿಶ್ಲೇಷಕ ಇದ್ದರೆ ಇನ್ನೂ ಸುಲಭ. ಅಣುತೂಕ 28 (ನೈಟ್ರೊಜನ್) ಮತ್ತು 32ರ (ಆಕ್ಸಿಜನ್) ಗೆರೆಗಳು ಹೆಚ್ಚುಕಡಿಮೆ ನಾಲ್ಕಕ್ಕೊಂದರ ಪ್ರಮಾಣದಲ್ಲಿ, ಜೊತೆಗೆ 40ರಲ್ಲಿ ಸಣ್ಣ ಆರ್ಗಾನ್ ಇದ್ದರೆ ಗಾಳಿ ನುಗ್ಗುತ್ತಿದೆ. 18 ಮತ್ತು 17 ಮಾತ್ರ ಎದ್ದು ನಿಂತಿದ್ದರೆ ಅದು ನೀರಾವಿ.

ಮಲೆನಾಡಿನ ಅಂಚಿನಲ್ಲಿ ನೀರಾವಿಯೇ ದೊಡ್ಡ ಶತ್ರು. ಆರಿದ್ರಾದಿಂದ ಆಶ್ಲೇಷದವರೆಗಿನ ಮಳೆಗಾಲದಲ್ಲಿ ತೊಟ್ಟಿ ತೆರೆದಿಟ್ಟರೆ ಒಳಗೋಡೆ ತೇವ ಹೀರುತ್ತಲೇ ಇರುತ್ತದೆ. ತೆರೆಯುವಾಗ ಒಣ ನೈಟ್ರೊಜನ್ ತುಂಬಿ ತೆರೆಯಿರಿ, ಕೆಲಸ ನಡೆಯುವಷ್ಟು ಹೊತ್ತೂ ಸಣ್ಣಗೆ ನೈಟ್ರೊಜನ್ ಹರಿಯುತ್ತಿರಲಿ, ಒಂದು ಬಾಗಿಲಿಗಿಂತ ಹೆಚ್ಚು ತೆರೆಯಬೇಡಿ. ಆಮೇಲೆ ತೊಟ್ಟಿಗೆ ಹೀಟರ್ ಟೇಪ್ ಸುತ್ತಿ ಬಿಸಿಮಾಡಿ. ವಿಟಾನ್ ಓ-ರಿಂಗ್ ಇರುವ ಕಡೆ 150 ಡಿಗ್ರಿ ದಾಟಬೇಡಿ.

ಹೀಲಿಯಂ ಹಾಕಿ ಸೋರಿಕೆ ಹುಡುಕುವಾಗ ಮೇಲಿನಿಂದ ಶುರುಮಾಡಿ ಕೆಳಗೆ ಬನ್ನಿ. ಹೀಲಿಯಂ ಮೇಲೇರುವ ಅನಿಲ; ಕೆಳಗೆ ಊದಿದರೆ ಮೇಲಿನ ರಂಧ್ರ ಅದನ್ನು ಹೀರಿ ನಿಮ್ಮನ್ನು ತಪ್ಪು ಜಾಯಿಂಟಿಗೆ ಕರೆದೊಯ್ಯುತ್ತದೆ. ಫ್ಯಾನ್ ಆರಿಸಿ. ಒಂದು ಜಾಯಿಂಟಿಗೆ ಊದಿ ಹತ್ತಾರು ಸೆಕೆಂಡ್ ಕಾಯುವ ತಾಳ್ಮೆ ಬೇಕು.

ನೀರು ಮತ್ತು ಥರ್ಮಾಮೀಟರ್

ಲೆಕ್ಕಪುಸ್ತಕ ಇರುವುದೇ ಇಲ್ಲಿ, ಆದ್ದರಿಂದ ಹೆಚ್ಚು ಹೊತ್ತು ಇಲ್ಲೇ ನಿಲ್ಲೋಣ. ಬೀಮ್ ಬಿದ್ದ ತಟ್ಟೆಯ ಹಿಂದಿನ ನೀರು ಎಷ್ಟು ಬಿಸಿಯಾಯಿತು ಎನ್ನುವುದರಿಂದ ಎಷ್ಟು ಶಕ್ತಿ ಬಿತ್ತು ಎಂದು ತಿಳಿಯುತ್ತದೆ: ಸೆಕೆಂಡಿಗೆ ಹರಿದ ನೀರಿನ ಕಿಲೋ, ಗುಣಿಸು 4186, ಗುಣಿಸು ಡಿಗ್ರಿ ವ್ಯತ್ಯಾಸ. ಸೂತ್ರ ಶಾಲೆಯದೇ. ತಪ್ಪುಗಳು ಮಾತ್ರ ಸೂಕ್ಷ್ಮ.

20 ಕಿಲೋವೋಲ್ಟ್, 5 ಆಂಪಿಯರಿನ ಬೀಮ್ 2 ಸೆಕೆಂಡ್ ಬಿದ್ದರೆ 2 ಲಕ್ಷ ಜೂಲ್. ನೀರು ಸೆಕೆಂಡಿಗೆ ಅರ್ಧ ಲೀಟರ್ ಹರಿಯುತ್ತಿದೆ ಎನ್ನಿ. ತಾಮ್ರ ಆ ಶಾಖವನ್ನು ನಿಧಾನವಾಗಿ ಬಿಡುವುದರಿಂದ ಪಲ್ಸ್ ಮುಗಿದ ಮೇಲೂ ಒಂದೆರಡು ನಿಮಿಷ ಹೊರಬರುವ ನೀರಿನ ಉಷ್ಣತೆಯನ್ನು ದಾಖಲಿಸಿ, ಆ ಗೆರೆಯ ಕೆಳಗಿನ ವಿಸ್ತೀರ್ಣ ತೆಗೆಯಬೇಕು. ಇಲ್ಲಿ ಅದು ಸುಮಾರು 96 ಡಿಗ್ರಿ-ಸೆಕೆಂಡ್ ಬರಬೇಕು. 60 ಸೆಕೆಂಡಿಗೆ ಹಂಚಿದರೆ ಸರಾಸರಿ 1.6 ಡಿಗ್ರಿ ಮಾತ್ರ. ಒಳಹೋಗುವ ಮತ್ತು ಹೊರಬರುವ ಎರಡು ಥರ್ಮಾಮೀಟರುಗಳ ನಡುವೆ 0.1 ಡಿಗ್ರಿ ತಾಳೆ ತಪ್ಪಿದ್ದರೂ 60 ಸೆಕೆಂಡಿಗೆ 6 ಡಿಗ್ರಿ-ಸೆಕೆಂಡ್, ಅಂದರೆ ಶೇಕಡಾ 6 ತಪ್ಪು. ಬೀಮ್ ಕಾಣೆಯಾಗಿದೆ ಎಂದು ಗಾಬರಿಯಾಗಿ ತೊಟ್ಟಿ ಬಿಚ್ಚಲು ಇಷ್ಟು ಸಾಕು.

ಹಾಗಾಗಿ ನಾಲ್ಕು ತಂತಿಯ ಪಿಟಿ-100 ಸೆನ್ಸರುಗಳನ್ನು (ಪ್ಲಾಟಿನಂ ಥರ್ಮಾಮೀಟರು) ಜೋಡಿಯಾಗಿಯೇ ಆರಿಸಿ. ಎರಡನ್ನೂ ಒಂದೇ ಐಸ್ ನೀರಿನಲ್ಲಿ, ಆಮೇಲೆ ಒಂದೇ 40 ಡಿಗ್ರಿ ನೀರಿನಲ್ಲಿ ಮುಳುಗಿಸಿ ವ್ಯತ್ಯಾಸ ಬರೆದಿಡಿ, 0.03 ಡಿಗ್ರಿಗಿಂತ ಹೆಚ್ಚಿದ್ದರೆ ಜೋಡಿ ಬದಲಿಸಿ. ಕುದಿಯುವ ನೀರನ್ನು 100 ಡಿಗ್ರಿ ಎಂದು ನಂಬಿ ತಾಳೆ ನೋಡಬೇಡಿ. ಹಾಸನದಲ್ಲಿ ನೀರು 97 ಡಿಗ್ರಿಯ ಹತ್ತಿರವೇ ಕುದಿಯುತ್ತದೆ, ಚಿಕ್ಕಮಗಳೂರಿನಲ್ಲಿ ಇನ್ನೂ ಅರ್ಧ ಡಿಗ್ರಿ ಕೆಳಗೆ. ಕೊನೆಯದಾಗಿ, ಬೀಮ್ ಇಲ್ಲದೆ ನೀರು ಹರಿಸಿ ಅರ್ಧ ಗಂಟೆ ನೋಡಿ: ವ್ಯತ್ಯಾಸ ಸೊನ್ನೆಯ ಹತ್ತಿರ ಬರಬೇಕು. ಪಂಪಿನ ಒತ್ತಡವೇ ನೀರನ್ನು ಕೊಂಚ ಬಿಸಿ ಮಾಡುತ್ತದೆ. ಆ ಸಣ್ಣ ಅಂಕಿಯನ್ನು ಪ್ರತಿ ಪಲ್ಸಿನಿಂದಲೂ ಕಳೆಯಿರಿ.

ಇದನ್ನು ಕಲಿಯಲು ಬೀಮೇ ಬೇಕಿಲ್ಲ. 3 ಕಿಲೋವ್ಯಾಟಿನ ಇನ್‌ಸ್ಟಂಟ್ ಗೀಸರ್, ಒಂದು ಅಳತೆಯ ಬಕೆಟ್, ಒಂದು ಸ್ಟಾಪ್‌ವಾಚ್ ಸಾಕು. ನಿಮಿಷಕ್ಕೆ 2 ಲೀಟರ್ ಹರಿಸಿದರೆ ನೀರು 21.5 ಡಿಗ್ರಿ ಏರಬೇಕು. 17 ಮಾತ್ರ ಬಂತೇ? ಪ್ಲಗ್ಗಿನಲ್ಲಿ ವೋಲ್ಟೇಜ್ ಅಳೆಯಿರಿ. ಸಂಜೆ ಹೊತ್ತು 230ರ ಬದಲು 205 ಇದ್ದರೆ ಹೀಟರಿನ ಶಕ್ತಿ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ 2.4 ಕಿಲೋವ್ಯಾಟಿಗೆ ಇಳಿದಿರುತ್ತದೆ, ಏರಿಕೆಯೂ 17ಕ್ಕೆ ನಿಲ್ಲುತ್ತದೆ. ವಿದ್ಯುತ್ ಕಡೆಯ ಅಂಕಿ ಮತ್ತು ನೀರಿನ ಕಡೆಯ ಅಂಕಿ ಶೇಕಡಾ 3ರೊಳಗೆ ಹೊಂದುವವರೆಗೆ ಇದನ್ನು ಮಾಡುತ್ತಿರಿ. ಬೀಮ್ ಸ್ಟ್ಯಾಂಡಿನಲ್ಲಿ ಮಾಡುವುದೂ ಇದನ್ನೇ; ಸೊನ್ನೆಗಳು ಹೆಚ್ಚಿರುತ್ತವೆ, ಅಷ್ಟೆ.

ನೀರು ಯಾವುದು ಎನ್ನುವುದೂ ಮುಖ್ಯ. ಬೋರ್‌ವೆಲ್ ನೀರು ನೇರವಾಗಿ ಬೇಡ. ಅದರ ಸುಣ್ಣ ತಾಮ್ರದ ಸಣ್ಣ ಕಾಲುವೆಗಳಲ್ಲಿ ಗಾರೆಯಂತೆ ಕೂರುತ್ತದೆ, ಹೈವೋಲ್ಟೇಜ್ ಗ್ರಿಡ್‌ಗೆ ಹೋಗುವ ಪೈಪಿನಲ್ಲಿ ಕರೆಂಟ್ ಸೋರಿಸುತ್ತದೆ. ಅಯಾನು ತೆಗೆದ ನೀರು, ವಾಹಕತೆ ಸೆಂಟಿಮೀಟರಿಗೆ 1 ಮೈಕ್ರೊಸೀಮೆನ್ಸಿಗಿಂತ ಕಡಿಮೆ ಇರಲಿ. ಕೆಲಸದ ಒತ್ತಡದ ಒಂದೂವರೆ ಪಟ್ಟಿನಲ್ಲಿ ಅರ್ಧ ಗಂಟೆ ಪೈಪುಗಳನ್ನು ಪರೀಕ್ಷಿಸಿ, ಆಮೇಲೆ ಒಣಗಿಸಿ ಹೀಲಿಯಂನಲ್ಲೂ ಪರೀಕ್ಷಿಸಿ; ನೀರು ತಡೆದ ಬೆಸುಗೆ ಹೀಲಿಯಂ ತಡೆಯುತ್ತದೆ ಎಂದೇನೂ ಇಲ್ಲ.

ಇನ್ನೊಂದು, ಮಳೆಗಾಲದ್ದು. ಕೋಣೆ 22 ಡಿಗ್ರಿ, ತೇವಾಂಶ ಶೇಕಡಾ 95 ಇದ್ದರೆ ಇಬ್ಬನಿ ಕಟ್ಟುವ ಬಿಂದು 21 ಡಿಗ್ರಿ. ಚಿಲ್ಲರ್ ನೀರು 18 ಡಿಗ್ರಿಯಲ್ಲಿ ಬಂದರೆ ಪೈಪು, ಪಿಂಗಾಣಿ ಇನ್ಸುಲೇಟರು ಎಲ್ಲ ಬೆವರುತ್ತವೆ. ಆ ಬೆವರಿನ ಮೇಲೆಯೇ ಹೈವೋಲ್ಟೇಜ್ ಹರಿದಾಡುತ್ತದೆ. ನೀರನ್ನು ಇಬ್ಬನಿ ಬಿಂದುವಿಗಿಂತ 3 ಡಿಗ್ರಿ ಮೇಲೇ ಇಡಿ, ಕೋಣೆಗೊಂದು ತೇವ ತೆಗೆಯುವ ಯಂತ್ರ ಹಾಕಿ.

ಹೈವೋಲ್ಟೇಜ್

ಮೊದಲು ಅರ್ಥಿಂಗ್. ಇಲ್ಲಿನ ಜಂಬಿಟ್ಟಿಗೆ ಮಣ್ಣು, ಕೆಂಪು ಮಣ್ಣು ಬೇಸಿಗೆಯಲ್ಲಿ ಒಣಗಿದಾಗ ಅರ್ಥ್ ಗುಂಡಿಯ ರೋಧ ಹಲವು ಪಟ್ಟು ಏರುತ್ತದೆ. ಜುಲೈನಲ್ಲಿ ಅಳೆದು 1 ಓಮ್ ಬಂತೆಂದು ನೆಮ್ಮದಿಯಾಗಿರಬೇಡಿ; ಕಾಫಿಗೆ ಹೂಮಳೆ ಬೀಳುವ ಮುಂಚೆ, ಮಾರ್ಚ್‌ನಲ್ಲಿ, ಮೂರು ಕಡ್ಡಿಯ ವಿಧಾನದಲ್ಲಿ ಮತ್ತೊಮ್ಮೆ ಅಳೆಯಿರಿ. ಆಗಲೂ 1 ಓಮಿನೊಳಗೆ ಇರಬೇಕು. ಏಪ್ರಿಲ್, ಮೇ ತಿಂಗಳ ಗುಡುಗಿನ ಸಂಜೆಗಳಲ್ಲಿ ಬೀಮ್ ಓಡಿಸದಿರುವುದೇ ಲೇಸು. ಲೈನ್ ಒಂದು ಕ್ಷಣ ಹೋಗಿ ಬಂದರೆ ನೀರಿನ ಪಂಪ್ ನಿಂತು ಬೀಮ್ ಉಳಿಯುವ ಸಾಧ್ಯತೆ ಇದೆ. ನೀರಿನ ಹರಿವು ನಿಂತ ಕೂಡಲೇ ಹೈವೋಲ್ಟೇಜ್ ಕಡಿಯುವ ಇಂಟರ್‌ಲಾಕನ್ನು, ಪಂಪನ್ನು ನಿಜವಾಗಿ ನಿಲ್ಲಿಸಿಯೇ ಪರೀಕ್ಷಿಸಿ. ತಂತಿ ಬಿಚ್ಚಿ ಸಿಗ್ನಲ್ ಹೋಯಿತು ಎಂದು ತೋರಿಸುವುದು ಪರೀಕ್ಷೆಯಲ್ಲ.

ಗಾಳಿಯಲ್ಲಿನ ಅಂತರಗಳಿಗೆ ಎತ್ತರದ ಲೆಕ್ಕ ಹಿಡಿಯಿರಿ. ಹಾಸನದ ಗಾಳಿ ಸಮುದ್ರಮಟ್ಟಕ್ಕಿಂತ ಶೇಕಡಾ 10ರಷ್ಟು ತೆಳು, ಕಿಡಿ ಹಾರುವ ವೋಲ್ಟೇಜೂ ಅಷ್ಟೇ ಕಡಿಮೆ. ಬೇರೆಡೆಯ ಡ್ರಾಯಿಂಗಿನಲ್ಲಿ 100 ಮಿಲಿಮೀಟರ್ ಅಂತರ ಇದ್ದರೆ ಇಲ್ಲಿ 112 ಮಿಲಿಮೀಟರ್ ಬಿಡಿ.

ವ್ಯಾಕ್ಯೂಮ್ ಒಳಗೆ ಇದರ ತದ್ವಿರುದ್ಧ. ಒತ್ತಡ ಬಹಳ ಕಡಿಮೆ ಇದ್ದಾಗ ಉದ್ದದ ದಾರಿಯಲ್ಲೇ ಕಿಡಿ ಬೇಗ ಹತ್ತುತ್ತದೆ, ಏಕೆಂದರೆ ಎಲೆಕ್ಟ್ರಾನಿಗೆ ದಾರಿಯಲ್ಲಿ ಸಾಕಷ್ಟು ಅಣುಗಳು ಸಿಗುವುದು ಅಲ್ಲೇ. ಗ್ರಿಡ್‌ಗಳ ನಡುವಿನ ಸಣ್ಣ ಸಂದಿನಲ್ಲಿ ಏನೂ ಆಗದೆ ಮೂಲದ ಹಿಂಬದಿಯ ಖಾಲಿ ಜಾಗದಲ್ಲಿ ಡಿಸ್ಚಾರ್ಜ್ ಬೆಳಗುವುದು ಇದೇ ಕಾರಣಕ್ಕೆ. ಪಡುವಾದ ಸ್ಪೈಡರ್‌ನಲ್ಲಿ ಆರಂಭದಲ್ಲಿ ಕಾಡಿದ್ದೂ ಇದೇ: ತೊಟ್ಟಿಯ ಒತ್ತಡ ಏರಿದಾಗ ಮೂಲದ ಹಿಂದೆ ರೇಡಿಯೊ ಆವರ್ತನದ ಡಿಸ್ಚಾರ್ಜ್ ಹತ್ತುತ್ತಿತ್ತು. 1280 ರಂಧ್ರಗಳಲ್ಲಿ ಬಹುಪಾಲನ್ನು ತಾತ್ಕಾಲಿಕವಾಗಿ ಮುಚ್ಚಿ, ತೊಟ್ಟಿಗೆ ಸೋರುವ ಅನಿಲವನ್ನು ಇಳಿಸಿ ಕೆಲಸ ಮುಂದುವರಿಸಿದರು. ಲಕ್ಷಣ ಗ್ರಿಡ್‌ನಲ್ಲಿ ಕಂಡರೂ ಕಾರಣ ಅನಿಲದಲ್ಲಿರಬಹುದು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು.

ಕಿಡಿಗಳು ಬಂದೇ ಬರುತ್ತವೆ. ಒಂದು ಕಿಡಿಗೆ ಎಷ್ಟು ಶಕ್ತಿ ಸುರಿಯುತ್ತದೆ ಎನ್ನುವುದನ್ನು ಮಾತ್ರ ನೀವು ಹಿಡಿತದಲ್ಲಿಡಬಹುದು. ಮೀಟರಿಗೆ 100 ಪಿಕೊಫ್ಯಾರಡ್‌ನ 20 ಮೀಟರ್ ಕೇಬಲ್ 50 ಕಿಲೋವೋಲ್ಟಿನಲ್ಲಿ ತಾನೇ 2.5 ಜೂಲ್ ಹಿಡಿದಿರುತ್ತದೆ, 100 ಕಿಲೋವೋಲ್ಟಿನಲ್ಲಿ 10 ಜೂಲ್. ತಾಮ್ರದ ಗ್ರಿಡ್‌ಗೆ 10 ಜೂಲನ್ನು ಮಿತಿ ಎಂದು ಇಟ್ಟುಕೊಳ್ಳಿ. ಕೇಬಲ್ ಗಿಡ್ಡ ಇರಲಿ, ಗ್ರಿಡ್‌ಗೆ ಹತ್ತಿರ ಫೆರೈಟ್ ಕೋರ್‌ಗಳನ್ನು ಪೋಣಿಸಿ, ಸ್ವಿಚ್ ಹತ್ತಾರು ಮೈಕ್ರೊಸೆಕೆಂಡಿನೊಳಗೆ ಕಡಿಯಲಿ. ಪರೀಕ್ಷೆ ಸರಳ: ಗ್ರಿಡ್ ಜಾಗದಲ್ಲಿ 0.1 ಮಿಲಿಮೀಟರ್ ದಪ್ಪ, 20 ಸೆಂಟಿಮೀಟರ್ ಉದ್ದದ ತಾಮ್ರದ ತಂತಿಯ ಮೂಲಕ ಬೇಕೆಂದೇ ಶಾರ್ಟ್ ಮಾಡಿ. ಅಷ್ಟು ತಂತಿ ಪೂರ್ತಿ ಕರಗಲು ಸುಮಾರು 9 ಜೂಲ್ ಬೇಕು. ತಂತಿ ಉಳಿದರೆ ಗ್ರಿಡ್ ಉಳಿಯುತ್ತದೆ.

ಆಮೇಲೆ ಕಂಡೀಷನಿಂಗ್, ಅಂದರೆ ಗ್ರಿಡ್‌ಗಳನ್ನು ಹೈವೋಲ್ಟೇಜಿಗೆ ಹಂತಹಂತವಾಗಿ ಪಳಗಿಸುವುದು. 50 ಕಿಲೋವೋಲ್ಟಿಗೆ ಹೀಗೆ:

1. ಅನಿಲ, ಪ್ಲಾಸ್ಮಾ ಯಾವುದೂ ಇಲ್ಲದೆ 15 ಕಿಲೋವೋಲ್ಟಿನಿಂದ ಶುರುಮಾಡಿ.
2. 1 ಕಿಲೋವೋಲ್ಟ್ ಏರಿಸಿ, ಕಿಡಿಯಿಲ್ಲದೆ 5 ನಿಮಿಷ ನಿಂತರೆ ಮುಂದಿನದಕ್ಕೆ.
3. ಕಿಡಿ ಹಾರಿದರೆ 2 ಕಿಲೋವೋಲ್ಟ್ ಇಳಿಸಿ, ಒತ್ತಡ ಮೊದಲಿನ ಮಟ್ಟಕ್ಕೆ ಬರುವವರೆಗೆ ಕಾದು ಮತ್ತೆ ಏರಿ.
4. 55 ಕಿಲೋವೋಲ್ಟಿನಲ್ಲಿ ಅರ್ಧ ಗಂಟೆ ನಿಲ್ಲಬೇಕು. ನಂತರ ಕೆಲಸದ ಒತ್ತಡದಷ್ಟು ಹೈಡ್ರೊಜನ್ ಬಿಟ್ಟು ಇದೆಲ್ಲವನ್ನೂ ಮತ್ತೊಮ್ಮೆ.

ಪ್ರತಿ ಕಿಡಿಯ ಜೊತೆ ಒತ್ತಡ ಚಿಮ್ಮಿ, ಮುಂದಿನ ಕಿಡಿ ಇನ್ನೂ ಮೇಲಿನ ವೋಲ್ಟೇಜಿನಲ್ಲಿ ಬಂದರೆ ಮೇಲ್ಮೈ ಶುದ್ಧವಾಗುತ್ತಿದೆ, ಸಂತೋಷದಿಂದ ಮುಂದುವರಿಸಿ. ಒಂದೇ ವೋಲ್ಟೇಜಿನಲ್ಲಿ ಮತ್ತೆ ಮತ್ತೆ, ಅಥವಾ ಕಿಡಿಯಿಂದ ಕಿಡಿಗೆ ಕೆಳಗಿಳಿಯುತ್ತ ಬಂದರೆ ಎಲ್ಲೋ ಚೂಪು ಎದ್ದಿದೆ. ಹಟ ಹಿಡಿದು ಏರಿಸಬೇಡಿ. ಕಡಿಮೆ ಕಾಯುವವರೇ ಹೆಚ್ಚು ಗ್ರಿಡ್ ಕೆಡಿಸುತ್ತಾರೆ.

ಸುರಕ್ಷತೆಯಲ್ಲಿ ಮೂರು ವಿಷಯಕ್ಕೆ ವಿನಾಯಿತಿ ಇಲ್ಲ. ಒಬ್ಬರೇ ಎಂದೂ ಕೆಲಸ ಮಾಡಬಾರದು. ಹೈವೋಲ್ಟೇಜ್ ಪಂಜರದೊಳಗೆ ಕಾಲಿಡುವ ಮುನ್ನ ಅರ್ಥ್ ಕೋಲಿನಿಂದ ಪ್ರತಿ ಟರ್ಮಿನಲ್ ಮುಟ್ಟಿಸಿ, ಕೋಲನ್ನು ಅಲ್ಲೇ ನೇತುಹಾಕಿ ಬರಬೇಕು. ಕೆಪಾಸಿಟರ್ ಒಮ್ಮೆ ಖಾಲಿಯಾದ ಮೇಲೂ ಒಂದಿಷ್ಟು ವೋಲ್ಟೇಜ್ ಮರಳಿ ಕೂಡಿಸಿಕೊಳ್ಳುತ್ತದೆ. 30 ಕಿಲೋವೋಲ್ಟ್ ದಾಟಿದರೆ ಹಿಂದಕ್ಕೆ ಓಡುವ ಎಲೆಕ್ಟ್ರಾನುಗಳಿಂದ ಬರುವ ಎಕ್ಸ್-ರೇಯನ್ನು ಗಾಜಿನ ಕಿಟಕಿಗಳ ಬಳಿ ಮೀಟರ್ ಹಿಡಿದು ಅಳೆಯಲೇಬೇಕು. ಕಾಲೇಜಿನಲ್ಲಿ ಇಂಥದ್ದನ್ನು ಕಟ್ಟುವ ಮೊದಲೇ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ನಿಯಮಗಳನ್ನು ವಿಚಾರಿಸಿಕೊಳ್ಳಿ. ಪರೀಕ್ಷೆಗೆ ಹೈಡ್ರೊಜನ್ನೇ ಸಾಕು. ಡ್ಯುಟೀರಿಯಂ ಬಳಸಿದರೆ ಡಂಪ್‌ನಲ್ಲಿ ಸೇರಿದ ಡ್ಯುಟೀರಿಯಂಗೆ ಬೀಮ್ ಬಡಿದು ನ್ಯೂಟ್ರಾನ್ ಬರುತ್ತದೆ.

ಪ್ಲಾಸ್ಮಾ ಮತ್ತು ಸೀಸಿಯಂ

ಬೀಮ್ ಎಳೆಯದೆ ಮೂಲದಲ್ಲಿ ಪ್ಲಾಸ್ಮಾ ಮಾತ್ರ ಹಚ್ಚುವುದು ಮುಂದಿನ ಹಂತ. ಇಟರ್ ಮಾದರಿಯ ಮೂಲಗಳಲ್ಲಿ 0.3 ಪ್ಯಾಸ್ಕಲ್ ಅನಿಲಕ್ಕೆ 1 ಮೆಗಾಹರ್ಟ್ಜ್ ರೇಡಿಯೊ ಶಕ್ತಿ ಕೊಡುತ್ತಾರೆ, ಡ್ರೈವರ್ ಎಂಬ ಸುರುಳಿ ಸುತ್ತಿದ ಪ್ಲಾಸ್ಮಾ ಕೋಣೆ ಒಂದೊಂದಕ್ಕೂ 100 ಕಿಲೋವ್ಯಾಟ್‌ವರೆಗೆ. ಅಷ್ಟು ತೆಳು ಅನಿಲ ತಾನಾಗಿ ಹತ್ತಿಕೊಳ್ಳುವುದಿಲ್ಲ. ಒಂದು ಕ್ಷಣ ಹೆಚ್ಚು ಅನಿಲ ಊದಿ, ಸಣ್ಣ ಫಿಲಮೆಂಟಿನಿಂದ ಎಲೆಕ್ಟ್ರಾನ್ ಕೊಟ್ಟು ಹಚ್ಚಿ, ಆಮೇಲೆ ಇಳಿಸಿ. ಹತ್ತಿದ ಕ್ಷಣದಲ್ಲೇ ಮ್ಯಾಚಿಂಗ್ (ರೇಡಿಯೊ ಶಕ್ತಿಗೂ ಪ್ಲಾಸ್ಮಾಕ್ಕೂ ಇರುವ ಹೊಂದಾಣಿಕೆ) ಬದಲಾಗುತ್ತದೆ. ಹಿಂದಿರುಗುವ ಶಕ್ತಿಯ ಮೀಟರ್ ಮೇಲೆ ಕಣ್ಣಿರಲಿ. ರೇಡಿಯೊ ಶಕ್ತಿ ಹಾಕಿದ ಕೂಡಲೇ ಥರ್ಮೊಕಪಲ್‌ಗಳೆಲ್ಲ ಒಟ್ಟಿಗೆ ಜಿಗಿದರೆ ಅದು ಶಾಖವಲ್ಲ, ತಂತಿ ಹಿಡಿದ ಗದ್ದಲ. ತಾಮ್ರ ಅಷ್ಟು ಬೇಗ ಬಿಸಿಯಾಗಲಾರದು. ತಂತಿಗಳನ್ನು ಹುರಿಗೊಳಿಸಿ, ಕವಚವನ್ನು ಒಂದೇ ತುದಿಯಲ್ಲಿ ಅರ್ಥ್ ಮಾಡಿ, ಫೆರೈಟ್ ಹಾಕಿ.

ಋಣ ಅಯಾನಿಗೆ ಇಷ್ಟೆಲ್ಲ ಕಷ್ಟ ಏಕೆ ಎಂದರೆ, ಹೆಚ್ಚು ಶಕ್ತಿಯ ಧನ ಅಯಾನು ಅನಿಲದಲ್ಲಿ ಎಲೆಕ್ಟ್ರಾನ್ ಹಿಡಿಯಲು ಒಲ್ಲದು, ಋಣ ಅಯಾನು ತನ್ನ ಸಡಿಲ ಎಲೆಕ್ಟ್ರಾನನ್ನು 10 ಲಕ್ಷ ವೋಲ್ಟಿನಲ್ಲೂ ಬಿಟ್ಟುಕೊಡುತ್ತದೆ. ಆ ಋಣ ಅಯಾನುಗಳು ಬಹುಪಾಲು ಹುಟ್ಟುವುದು ಸೀಸಿಯಂ ಸವರಿದ ಮೊದಲ ಗ್ರಿಡ್‌ನ ಮೇಲ್ಮೈಯಲ್ಲಿ. ಗ್ರಿಡ್ 150 ಡಿಗ್ರಿಯ ಆಸುಪಾಸು ಇರಬೇಕು, ಸೀಸಿಯಂ ಒವನ್ ನಿಧಾನವಾಗಿ ಆವಿ ಬಿಡಬೇಕು. ಕೆಲಸ ಆಗುತ್ತಿದೆಯೇ ಎಂದು ತಿಳಿಯಲು ಒಂದೇ ಅನುಪಾತ ನೋಡಿ: ಅಯಾನಿನ ಜೊತೆ ಎಳೆದುಕೊಂಡು ಬರುವ ಎಲೆಕ್ಟ್ರಾನ್ ಕರೆಂಟ್. ಅದು ಅಯಾನು ಕರೆಂಟಿಗಿಂತ ಕಡಿಮೆ ಇರಬೇಕು. ಎಲೆಕ್ಟ್ರಾನುಗಳನ್ನು ಎರಡನೇ ಗ್ರಿಡ್‌ನ ಕಾಂತಗಳು ಅಲ್ಲೇ ಬಾಗಿಸಿ ಕೆಡವುತ್ತವೆ, ಆ ಶಾಖವೂ ಲೆಕ್ಕಕ್ಕೆ ಬರಬೇಕು. ಅನುಪಾತ ದಿನದಿಂದ ದಿನಕ್ಕೆ ಏರಿದರೆ ಸೀಸಿಯಂ ಸಾಲದು ಎಂದು ಒವನ್ ಬಿಸಿ ಮಾಡುವ ಮುನ್ನ ಅನಿಲ ವಿಶ್ಲೇಷಕದ 18ರ ಗೆರೆ ನೋಡಿ. ನೀರಾವಿ ತಾಗಿದ ಸೀಸಿಯಂ ಸತ್ತ ಸೀಸಿಯಂ. ಇನ್ನಷ್ಟು ಸುರಿದರೆ ಇನ್ಸುಲೇಟರಿಗೆ ಮೆತ್ತಿಕೊಂಡು ಹೊಸ ತಂಟೆ ತರುತ್ತದೆ.

ಸೀಸಿಯಂ ಕರಗುವುದು 28.5 ಡಿಗ್ರಿಗೆ. ಡಿಸೆಂಬರಿನಲ್ಲಿ ಗಟ್ಟಿ ಇದ್ದ ಗಾಜಿನ ಆಂಪ್ಯೂಲ್ ಏಪ್ರಿಲ್ ಮಧ್ಯಾಹ್ನ ಹಾಸನದ ಕೋಣೆಯಲ್ಲಿ ದ್ರವವಾಗಿರುತ್ತದೆ. ಬಿರುಕು ಬಿಟ್ಟಿದ್ದರೆ ಸೋರುತ್ತದೆ, ತೇವದ ಗಾಳಿಗೆ ಹತ್ತಿ ಉರಿಯುತ್ತದೆ, ನೀರಿಗೆ ಸಿಡಿಯುತ್ತದೆ. ಆರ್ಗಾನ್ ತುಂಬಿದ ಗ್ಲೋವ್ ಬಾಕ್ಸ್ ಇಲ್ಲದವರು ಈ ಹಂತಕ್ಕೆ ಕೈಹಾಕಬಾರದು. ಕಾಲೇಜಿನ ಸ್ಟ್ಯಾಂಡಿಗೆ ಧನ ಅಯಾನು ಸಾಕು.

ಬೀಮ್ ಎಳೆಯುವುದು

ಮೊದಲ ಪಲ್ಸ್ 10 ಮಿಲಿಸೆಕೆಂಡ್. ಎಲ್ಲ ಅಂಕಿ ನೋಡಿ 100 ಮಿಲಿಸೆಕೆಂಡ್, ಆಮೇಲೆ 1 ಸೆಕೆಂಡ್. ವೋಲ್ಟೇಜ್ ಮತ್ತು ಪಲ್ಸ್ ಉದ್ದ ಎರಡನ್ನೂ ಒಟ್ಟಿಗೆ ಏರಿಸಬೇಡಿ.

ಬೀಮಿನ ಹರಡು ವೋಲ್ಟೇಜ್, ಕರೆಂಟ್ ಎರಡರ ಹೊಂದಾಣಿಕೆಯ ಮೇಲೆ ನಿಂತಿದೆ. ಕರೆಂಟನ್ನು ವೋಲ್ಟೇಜಿನ ಒಂದೂವರೆ ಘಾತದಿಂದ ಭಾಗಿಸಿ ಬರುವ ಅಂಕಿಗೆ ಪರ್ವಿಯನ್ಸ್ ಎನ್ನುತ್ತಾರೆ. ವೋಲ್ಟೇಜ್ ಹಾಗೇ ಇಟ್ಟು ಪ್ಲಾಸ್ಮಾದ ಶಕ್ತಿ ಮಾತ್ರ ಹಂತಹಂತವಾಗಿ ಏರಿಸುತ್ತ ಬೀಮಿನ ಅಗಲ ಬರೆಯಿರಿ: ಅಗಲ ಇಳಿದು, ತಳ ಮುಟ್ಟಿ, ಮತ್ತೆ ಏರುತ್ತದೆ. ಆ ತಳವೇ ನಿಮ್ಮ ಕೆಲಸದ ಬಿಂದು. 20 ಕಿಲೋವೋಲ್ಟಿಗೆ ಅದು 2 ಆಂಪಿಯರಿನಲ್ಲಿ ಸಿಕ್ಕಿದ್ದರೆ 40 ಕಿಲೋವೋಲ್ಟಿಗೆ 5.7 ಆಂಪಿಯರಿನ ಹತ್ತಿರ ಹುಡುಕಿ. ತಳದಿಂದ ಯಾವ ಕಡೆ ಸರಿದರೂ ಬೀಮಿನ ಅಂಚು ಗ್ರಿಡ್‌ಗೇ ಬಡಿಯುತ್ತದೆ, ಗ್ರಿಡ್ ನೀರಿನ ಉಷ್ಣತೆಯಲ್ಲಿ ಅದು ಮೊದಲು ಕಾಣುತ್ತದೆ. ಇಟರ್ ಬೇಡುವುದು 7 ಮಿಲಿರೇಡಿಯನ್ ಒಳಗಿನ ಹರಡು. 5 ಮೀಟರ್ ದೂರದಲ್ಲಿ 35 ಮಿಲಿಮೀಟರ್.

ಅಗಲ ಅಳೆಯಲು ಕ್ಯಾಲರಿಮೀಟರ್ (ದಾರಿಯ ಕೊನೆಯಲ್ಲಿ ಬೀಮ್ ಹಿಡಿದು ಶಾಖ ಅಳೆಯುವ ಸಾಧನ) ತಟ್ಟೆಯ ಹಿಂದೆ 25 ಮಿಲಿಮೀಟರಿಗೊಂದು ಥರ್ಮೊಕಪಲ್ ಸಾಕು. ಪಡುವಾದಲ್ಲಿ ಒಂದೇ ದಿಕ್ಕಿಗೆ ಶಾಖ ಒಯ್ಯುವ ಕಾರ್ಬನ್ ಫಲಕಗಳ ಮೇಲೆ ಬೀಮ್ ಬೀಳಿಸಿ, ಹಿಂಬದಿಯಿಂದ ಇನ್‌ಫ್ರಾರೆಡ್ ಕ್ಯಾಮೆರಾದಲ್ಲಿ ನೋಡುತ್ತಾರೆ.

ಬೀಮನ್ನು ಮುಟ್ಟದೆ ಅಳೆಯುವ ಉಪಾಯ ಬೆಳಕಿನದು. ಓಡುವ ಹೈಡ್ರೊಜನ್ ಅನಿಲಕ್ಕೆ ಬಡಿದು ಬೆಳಗುವಾಗ ಅದರ 656.28 ನ್ಯಾನೊಮೀಟರಿನ ಕೆಂಪು ಗೆರೆ ಡಾಪ್ಲರ್ ಪರಿಣಾಮದಿಂದ ಜರುಗುತ್ತದೆ. 50 ಕಿಲೋವೋಲ್ಟ್ ಬೀಮನ್ನು 60 ಡಿಗ್ರಿ ಕೋನದಲ್ಲಿ ನೋಡಿದರೆ ಪೂರ್ಣ ಶಕ್ತಿಯ ಕಣಗಳ ಗೆರೆ 3.4 ನ್ಯಾನೊಮೀಟರ್ ಜರುಗಿರುತ್ತದೆ. ಮೂಲದಿಂದ ಎರಡು ಪರಮಾಣು, ಮೂರು ಪರಮಾಣುಗಳ ಅಯಾನುಗಳೂ ಹೊರಬಂದು ಒಡೆಯುವುದರಿಂದ 2.4 ಮತ್ತು 2.0ರ ಬಳಿ ಇನ್ನೆರಡು ಗೆರೆ ಕಾಣುತ್ತವೆ. ಇವು ದೊಡ್ಡದಾದಷ್ಟೂ ಬೀಮಿನ ಶಕ್ತಿ ಪ್ಲಾಸ್ಮಾದ ಅಂಚಿನಲ್ಲೇ ಖರ್ಚಾಗುತ್ತದೆ, ನಡುವಿಗೆ ಮುಟ್ಟುವುದಿಲ್ಲ. ಗೆರೆಯ ಅಗಲದಿಂದ ಹರಡು ಸಿಗುತ್ತದೆ. ಅದು ಥರ್ಮೊಕಪಲ್ ಹೇಳಿದ್ದಕ್ಕೆ ಹೊಂದಬೇಕು.

ನ್ಯೂಟ್ರಲೈಸರ್ ನೋಡುವುದು ಹೀಗೆ: ಅನಿಲವನ್ನು ಸ್ವಲ್ಪಸ್ವಲ್ಪವೇ ಏರಿಸಿದಂತೆ ಡಂಪ್‌ಗೆ ಬೀಳುವ ಶಕ್ತಿ ಇಳಿದು, ಕ್ಯಾಲರಿಮೀಟರಿನದು ಏರಬೇಕು. ಒಂದು ಹಂತದ ಮೇಲೆ ಡಂಪ್ ಇಳಿಯುವುದು ನಿಲ್ಲುತ್ತದೆ. ಅಲ್ಲೇ ನಿಲ್ಲಿ. ಇನ್ನೂ ಅನಿಲ ಸುರಿದರೆ ಅದು ಮುಂದಕ್ಕೆ ಹರಿದು, ತಟಸ್ಥವಾದ ಕಣಗಳನ್ನೇ ಮತ್ತೆ ಅಯಾನು ಮಾಡುತ್ತದೆ.

ಕ್ರಯೊಪಂಪ್ (ಅತಿ ತಣ್ಣನೆಯ ಮೇಲ್ಮೈಗೆ ಅನಿಲವನ್ನು ಅಂಟಿಸಿಕೊಳ್ಳುವ ಪಂಪ್) ಹಿಡಿದಿಟ್ಟ ಹೈಡ್ರೊಜನ್ನಿನ ಲೆಕ್ಕವೂ ಇರಲಿ. ಗಾಳಿಯಲ್ಲಿ ಶೇಕಡಾ 4 ದಾಟಿದರೆ ಅದು ಹತ್ತಿಕೊಳ್ಳಬಲ್ಲದು. 1000 ಲೀಟರಿನ ತೊಟ್ಟಿಗೆ ಅದು 40 ಲೀಟರ್. 10 ಲೀಟರ್ ಆಗುತ್ತಲೇ ಪಂಪ್ ಬಿಸಿಮಾಡಿ ಖಾಲಿ ಮಾಡಿ. ಸೆಕೆಂಡಿಗೆ 10 ಮಿಲಿಬಾರ್-ಲೀಟರ್ ಹರಿವಿನಲ್ಲಿ ಅಷ್ಟು ಕೂಡಲು ಸುಮಾರು 1000 ಸೆಕೆಂಡ್ ಸಾಕು. ಸೋರಿಕೆ ಪತ್ತೆಯ ಸೆನ್ಸರನ್ನು ಚಾವಣಿಗೇ ಕೂರಿಸಿ, ಶೇಕಡಾ 1ಕ್ಕೆ ಅಲಾರಂ ಕೂಗಲಿ.

ಲೆಕ್ಕ ಹೊಂದಿಸುವುದು

50 ಕಿಲೋವೋಲ್ಟ್, 10 ಆಂಪಿಯರ್, 500 ಕಿಲೋವ್ಯಾಟ್ ಎಂದು ವಿದ್ಯುತ್ ಮೀಟರ್ ಹೇಳುತ್ತದೆ ಎನ್ನಿ. ನೀರಿನ ಕಡೆಯಿಂದ ಗ್ರಿಡ್‌ಗಳಲ್ಲಿ 18, ನ್ಯೂಟ್ರಲೈಸರ್ ಗೋಡೆಯಲ್ಲಿ 12, ಡಂಪ್‌ನಲ್ಲಿ 185, ಬೀಮಿನ ಅಂಚು ತಡೆಯುವ ತಟ್ಟೆಗಳಾದ ಸ್ಕ್ರೇಪರುಗಳಲ್ಲಿ 25, ಕ್ಯಾಲರಿಮೀಟರಿನಲ್ಲಿ 225 ಬಂತು. ಮೊತ್ತ 465. ಕಾಣೆಯಾದದ್ದು 35 ಕಿಲೋವ್ಯಾಟ್, ಶೇಕಡಾ 7.

ಮೊದಲು ಸುಲಭದ ಅನುಮಾನಗಳು: ಥರ್ಮಾಮೀಟರ್ ಜೋಡಿ, ಹರಿವಿನ ಮೀಟರ್, ದಾಖಲೆ ಬೇಗ ನಿಲ್ಲಿಸಿದ್ದು. ಮೂರೂ ಸರಿ ಇದ್ದರೆ ಪಲ್ಸ್ ಉದ್ದ ಬದಲಿಸಿ ನೋಡಿ. ಥರ್ಮಾಮೀಟರಿನ ತಾಳೆ ತಪ್ಪಿದ್ದರೆ ಪಲ್ಸ್ ಉದ್ದವಾದಂತೆ ಕೊರತೆಯ ಶೇಕಡಾ ಇಳಿಯುತ್ತದೆ. ನಿಜವಾಗಿ ಶಕ್ತಿ ಬೇರೆಲ್ಲೋ ಹೋಗುತ್ತಿದ್ದರೆ ಅದು 7ರಲ್ಲೇ ನಿಲ್ಲುತ್ತದೆ. ಆಗ ತೊಟ್ಟಿಯ ಹೊರಮೈಗೆ ಥರ್ಮೊಕಪಲ್ ಅಂಟಿಸಿ, ನೀರಿಲ್ಲದ ಫ್ಲೇಂಜ್‌ಗಳನ್ನು ಮೊದಲು ನೋಡಿ. ಋಣ ಅಯಾನು ಬೀಮ್ ಆದರೆ ವಿದ್ಯುತ್ ಮೀಟರ್ ಎಲೆಕ್ಟ್ರಾನನ್ನೂ ಎಣಿಸುತ್ತಿರಬಹುದು. ಮೊತ್ತ ಶೇಕಡಾ 105 ದಾಟಿ ಬಂದರೂ ಖುಷಿಪಡಬೇಡಿ. ಹೆಚ್ಚು ಬಂದ ಲೆಕ್ಕವೂ ತಪ್ಪು ಲೆಕ್ಕವೇ, ಮೊದಲು ಹರಿವಿನ ಮೀಟರನ್ನು ಬಕೆಟ್ ಹಿಡಿದು ತಾಳೆ ನೋಡಿ. ಶೇಕಡಾ 5ರೊಳಗೆ ಹೊಂದುವವರೆಗೆ ಪಲ್ಸ್ 1 ಸೆಕೆಂಡ್ ದಾಟಿಸುವುದು ಬೇಡ ಎನ್ನುವುದು ನಮ್ಮ ಖಚಿತ ಅಭಿಪ್ರಾಯ.

ನಿಲ್ಲಿಸುವ ಕ್ರಮ: ಹೈವೋಲ್ಟೇಜ್, ಪ್ಲಾಸ್ಮಾ, ಅನಿಲ, ಅರ್ಥ್ ಕೋಲು. ನೀರು ಇನ್ನೂ 15 ನಿಮಿಷ ಹರಿಯಲಿ, ವ್ಯಾಕ್ಯೂಮ್ ಹಾಗೇ ಇರಲಿ. ಮಳೆಗಾಲದಲ್ಲಿ ರಾತ್ರಿಯೂ ಪಂಪ್ ನಿಲ್ಲಿಸಬೇಡಿ.

ಒಂದು ಸುತ್ತಿನ ಪರೀಕ್ಷೆ ಮುಗಿದು ತೊಟ್ಟಿ ತೆರೆದಾಗ ಒರೆಸುವ ಮುನ್ನ ಎಲ್ಲ ಕಡೆಯಿಂದ ಫೋಟೊ ತೆಗೆಯಿರಿ. ಗ್ರಿಡ್ ರಂಧ್ರದ ಸುತ್ತ ಸಮನಾದ ಕಂದು ಉಂಗುರ ಇದ್ದರೆ ಚಿಂತೆಯಿಲ್ಲ. ಉಂಗುರ ಒಂದೇ ಬದಿಗೆ ದಪ್ಪವಾಗಿದ್ದರೆ ಗ್ರಿಡ್‌ಗಳು ಒಂದಕ್ಕೊಂದು ಸರಿದಿವೆ, ಎಷ್ಟು ಎಂದು ಅಳೆದು ಬರೆಯಿರಿ. ರಂಧ್ರದ ಅಂಚಿನಲ್ಲಿ ಕರಗಿದ ಮಣಿ ಕಂಡರೆ ಕಿಡಿಯ ಶಕ್ತಿ ಮಿತಿ ಮೀರಿದೆ, ತಂತಿಯ ಪರೀಕ್ಷೆ ಮತ್ತೆ ಮಾಡಬೇಕು. ಮೂಲದ ಹಿಂಗೋಡೆಯಲ್ಲಿ ರಂಧ್ರಗಳ ವಿನ್ಯಾಸವೇ ಚುಕ್ಕಿಚುಕ್ಕಿಯಾಗಿ ಮೂಡಿದ್ದರೆ ಹಿಂದಕ್ಕೆ ಓಡಿದ ಕಣಗಳ ಗುರುತು ಅದು. ಆ ಗೋಡೆಯ ನೀರಿಗೆ ಥರ್ಮಾಮೀಟರ್ ಜೋಡಿ ಇಲ್ಲದಿದ್ದರೆ ಮುಂದಿನ ಸುತ್ತಿಗೆ ಮೊದಲು ಅಲ್ಲೊಂದು ಕೂರಿಸಿ.